ಕುಪ್ಪಸದ ನಾಡಿನಲ್ಲಿ ಮೂರು ದಿನ

ಕನ್ಯಾಕುಮಾರಿಯನ್ನು ನೋಡದ ಚೆನ್ನೈ ಕನ್ನಡಿಗರು ಕಡಮೆ. ಊರಿನಿಂದ ಅತ್ತೆ ಮಾವಂದಿರೋ ಭಾವ ಮೈದುನರೋ ಬಂದರೆಂದರೆ, ಮಧುರೆ ರಾಮೇಶ್ವರಗಳ ಜೊತೆಗೆ ಅದೂ ಒಂದು ಸುತ್ತು ಆಗಿಯೇ ಆಗುತ್ತದೆ. ಸೂರ್ಯೋದಯ, ವಿವೇಕಾನಂದರ ಬಂಡೆ, ವಳ್ಳುವರ ಮೂರ್ತಿ, ಬಣ್ಣದ ಮರಳಿನ ಪೊಟ್ಟಣ, ಶಂಖದ ಸರ. ಇಷ್ಟಾದರೆ ಯಾತ್ರೆ ಮುಗಿಯಿತು. ಅಲ್ಲಿಂದ ಸುಮಾರು ೨೦ ಕಿಲೋಮೀಟರು ಈಚೆಗಿರುವ ನಾಗರಕೋವಿಲನ್ನು ರೈಲಿನ ಕಿಟಕಿಯಿಂದ ಕಾಫಿ ಕೊಳ್ಳುವ ಊರೆಂದಷ್ಟೇ ನಮ್ಮಲ್ಲಿ ಹೆಚ್ಚಿನವರು ಬಲ್ಲರು. ಈ ಸಲ ನಾವು ಆ ಕ್ರಮವನ್ನು ತಿರುವುಮುರುವು ಮಾಡಿದೆವು. ನಾಗರಕೋವಿಲಿಗೆ ಎರಡೂವರೆ ದಿನ, ಕನ್ಯಾಕುಮಾರಿಗೆ ಅರ್ಧ ದಿನ.

ಇದಕ್ಕೆ ಕಾರಣಳಾದವಳು ನಮ್ಮ ತಂಡದ ಒಂಬತ್ತನೆಯ ತರಗತಿಯ ಹುಡುಗಿ. ಅವಳ ದೊಡ್ಡಪ್ಪನ ಮಗಳ ಹಳೆಯ ಚರಿತ್ರೆಯ ಪುಸ್ತಕ ಮನೆಯ ಅಟ್ಟದಲ್ಲಿ ಸಿಕ್ಕಿತಂತೆ. ಅದರಲ್ಲಿ ಉಡಿಗೆ ತೊಡಿಗೆಗಳ ಚರಿತ್ರೆಯೆಂದು ಒಂದು ಪಾಠ. ಆ ಪಾಠದಲ್ಲಿ ತಿರುವಾಂಕೂರಿನ ಹೆಂಗಸರು ರವಿಕೆ ತೊಟ್ಟದ್ದಕ್ಕಾಗಿ ಪೆಟ್ಟು ತಿಂದ ಸಂಗತಿ. ಅವಳ ಪುಸ್ತಕದಲ್ಲಿ ಆ ಪಾಠವಿಲ್ಲ. ೨೦೧೬ರ ಕೊನೆಯಲ್ಲಿ ಕೇಂದ್ರದ ಪರೀಕ್ಷಾ ಮಂಡಳಿ ಆ ಭಾಗದಿಂದ ಪ್ರಶ್ನೆ ಕೇಳುವುದಿಲ್ಲವೆಂದು ಸುತ್ತೋಲೆ ಹೊರಡಿಸಿತು; ೨೦೧೯ರಲ್ಲಿ ಹೊರೆ ತಗ್ಗಿಸುವ ಹೆಸರಿನಲ್ಲಿ ಇಡೀ ಪಾಠವೇ ಪುಸ್ತಕದಿಂದ ಹೋಯಿತು. ಹುಡುಗಿ ಓದಿ ಹೇಳಿದ್ದನ್ನು ನಮ್ಮ ತಂಡದ ಹಿರಿಯರಾದ ರಾಯರು ನಂಬಲಿಲ್ಲ. "ಮೈ ಮುಚ್ಚಿಕೊಳ್ಳಬೇಡಿ ಅಂತ ಸರ್ಕಾರ ಹೇಳುವುದುಂಟೆ? ಮುಚ್ಚಿಕೊಳ್ಳಿ ಅಂದರೂ ಕೇಳದ ಕಾಲ ಇದು" ಎಂದು ಅವಳ ತೋಳಿಲ್ಲದ ಅಂಗಿಯ ಕಡೆ ಒಂದು ನೋಟ ಬೀರಿದರು. ಅವಳೂ ಬಿಡಲಿಲ್ಲ. "ಹಾಗಾದರೆ ಹೋಗಿ ನೋಡೋಣ ತಾತ" ಎಂದಳು. ಡಿಸೆಂಬರ್ ರಜೆಯಲ್ಲಿ ಮೂರು ಸಂಸಾರ, ಮಕ್ಕಳೂ ಸೇರಿ ಹನ್ನೊಂದು ಜನ, ಎಗ್ಮೋರಿನಲ್ಲಿ ಸಂಜೆಯ ರೈಲು ಹತ್ತಿದೆವು.

ಕನ್ನಡದ ವಾಚಕರಿಗೆ ಇದರಲ್ಲೇನು ಎಂದು ಕೇಳಬಹುದು. ಒಂದು ಶಬ್ದವಿದೆ. ಆ ಹೆಂಗಸರು ತೊಟ್ಟ ರವಿಕೆಗೆ ಅಲ್ಲಿನ ಮಾತಿನಲ್ಲಿ 'ಕುಪ್ಪಾಯ' ಎನ್ನುತ್ತಾರೆ. ನಮ್ಮ ಕುಪ್ಪಸವೇ ಅದು! ಧಾರವಾಡ ವಿಜಾಪುರದ ಕಡೆ ಚೊಚ್ಚಲ ಬಸುರಿಗೆ ತವರಿನವರು ಸೀರೆ ಕುಪ್ಪಸ ತಂದು ಮಾಡುವ ಸಂಭ್ರಮಕ್ಕೆ ಕುಬಸವೆಂದೇ ಹೆಸರು. ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬುವಾಗ ಗುಳೇದಗುಡ್ಡದ ಒಂದು ಖಣ ಇಲ್ಲದಿದ್ದರೆ ಆಗುತ್ತದೆಯೆ? ಹೆಣ್ಣಿಗೆ ಮಾಡುವ ಮರ್ಯಾದೆಯೆಲ್ಲ ಒಂದು ತುಂಡು ರವಿಕೆ ಬಟ್ಟೆಯಲ್ಲಿದೆಯೆಂದು ತಿಳಿದ ಜನ ನಾವು. ಆ ತುಂಡು ಬಟ್ಟೆಗಾಗಿಯೇ ನಮ್ಮ ಪಕ್ಕದ ಸೀಮೆಯಲ್ಲಿ ಸುಮಾರು ಐವತ್ತು ವರ್ಷ ಹೊಡೆದಾಟ ನಡೆಯಿತೆಂದರೆ ಕೇಳದೆ ಇರಲಾಗುವುದಿಲ್ಲ.

ಬೆಳಗಿನ ಜಾವ ವಳ್ಳಿಯೂರು ದಾಟಿದ ಮೇಲೆ ಎಚ್ಚರವಾಯಿತು. ಅರಳ್‌ವಾಯ್‌ಮೊಳಿಯ ಕಣಿವೆಯಲ್ಲಿ ರೈಲು ಹಾಯುವಾಗ ಎರಡು ಕಡೆಯೂ ಗಾಳಿಯಂತ್ರಗಳ ಸಾಲು. ನಮ್ಮ ಕೊಡಗು ಮಲೆನಾಡುಗಳನ್ನು ಹಾಯ್ದು ಬಂದ ಸಹ್ಯಾದ್ರಿಯ ಬೆನ್ನು ಇಲ್ಲಿ ಸಮುದ್ರಕ್ಕೆ ಇಳಿಯುತ್ತದೆ. ಕಣಿವೆಯಾಚೆ ಒಣ ನೆಲ, ಈಚೆ ಬಾಳೆ, ತೆಂಗು, ಗದ್ದೆ, ಕೆರೆ. ಈ ಜಿಲ್ಲೆ ತಿರುವಾಂಕೂರಿನಿಂದ ಬೇರ್ಪಟ್ಟು ಮದರಾಸು ರಾಜ್ಯಕ್ಕೆ ಸೇರಿದ್ದು ೧೯೫೬ರ ನವೆಂಬರ್ ೧ರಂದು. ನಮ್ಮ ನಾಡು ಒಂದಾದ ದಿನವೇ. ನಾವು ಸಂಘದಲ್ಲಿ ಭುವನೇಶ್ವರಿಯ ಪಟಕ್ಕೆ ಹಾರ ಹಾಕುವ ಹೊತ್ತಿಗೆ ಇವರೂ ತಮ್ಮ ತಾಯಿನಾಡು ಸೇರಿದ ದಿನವನ್ನು ನೆನೆಯುತ್ತಾರೆ.

ಊರಿಗೆ ಹೆಸರು ಬಂದದ್ದು ನಾಗರಾಜನ ಗುಡಿಯಿಂದ. ಸ್ನಾನ ತಿಂಡಿ ಮುಗಿಸಿ ಮೊದಲು ಅಲ್ಲಿಗೇ ಹೋದೆವು. ಮಂಟಪದ ಕಂಬಗಳಲ್ಲಿ ಪಾರ್ಶ್ವನಾಥ, ಮಹಾವೀರರ ಮೂರ್ತಿಗಳಿವೆ. ಮೂಡಬಿದರೆ, ಕಾರ್ಕಳ ನೋಡಿದ ಕಣ್ಣಿಗೆ ಅವು ನೆಂಟರಂತೆ ಕಂಡವು. ಗುಡಿಯ ವಿಷಯ ಇಷ್ಟು ಸಾಕು. ನಾವು ಬಂದ ಕೆಲಸ ಬೇರೆ.

ಊರ ನಡುವೆ ಲಂಡನ್ ಮಿಷನ್ನಿನವರು ಕಟ್ಟಿದ ಹಳೆಯ ಕಲ್ಲಿನ ಇಗರ್ಜಿಯಿದೆ. ಅಸ್ತಿಭಾರ ಹಾಕಿದ್ದು ೧೮೧೯ರಲ್ಲಿ. ಅದೇ ವರ್ಷದ ಕೊನೆಗೆ ಚಾರ್ಲ್ಸ್ ಮಾಲ್ಟ್ ಎಂಬ ಪಾದ್ರಿಯೂ ಆತನ ಹೆಂಡತಿ ಮಾರ್ಥಾ ಮಾಲ್ಟಳೂ ಇಲ್ಲಿಗೆ ಬಂದರು. ಆಕೆ ಹೆಣ್ಣುಮಕ್ಕಳ ಶಾಲೆ ನಡೆಸಿದಳು, ಆ ಶಾಲೆಯಲ್ಲಿ ಅಕ್ಷರದ ಜೊತೆಗೆ ಲೇಸು ಹೆಣೆಯುವುದನ್ನು ಕಲಿಸಿದಳು. ಸೀರೆಯಂಚಿಗೆ, ಲಂಗದ ಅಂಚಿಗೆ ಹೊಲಿಯುವ ಲೇಸು. ಕಲಿತವರಲ್ಲಿ ಪನೆಮರ ಹತ್ತಿ ಬದುಕುವ ಶಾನಾರರ ಮಕ್ಕಳಿದ್ದರು, ಒಡೆಯರ ಹೊಲದಲ್ಲಿ ಜೀತದಾಳುಗಳಾಗಿ ಹುಟ್ಟಿದವರೂ ಇದ್ದರು. ತಿರುವಾಂಕೂರಿನಲ್ಲಿ ಜೀತದ ದಾಸ್ಯ ಕಾನೂನಿನಿಂದ ರದ್ದಾದದ್ದು ೧೮೫೫ರಲ್ಲಿ. ಅದಕ್ಕೆ ಮೊದಲೇ ಕೆಲವು ಹುಡುಗಿಯರು ಲೇಸಿನ ಕೂಲಿಯಿಂದ ಕಾಸು ಕೂಡಿಟ್ಟು, ಒಡೆಯನಿಗೆ ತಮ್ಮ ಬೆಲೆಯನ್ನು ತಾವೇ ತೆತ್ತು ಬಿಡುಗಡೆ ಪಡೆದರು. ಕನ್ನಡದಲ್ಲಿ ಲೇಸು ಎಂದರೆ ಒಳ್ಳೆಯದು ಎಂದರ್ಥವೆಂಬುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಪರಿಚಯದವರೊಬ್ಬರ ಮೂಲಕ ಲೇಸಿನ ಕೆಲಸ ಬಲ್ಲ ವೃದ್ಧೆಯೊಬ್ಬರ ಮನೆಗೆ ಹೋದೆವು. ಅಜ್ಜಿಯ ವಯಸ್ಸು ಎಂಬತ್ತರ ಮೇಲೆ. ಹೊರಗಿನವರಿಗೆ ಹೆಣೆದು ಕೊಡುವುದನ್ನು ಬಿಟ್ಟು ಬಹಳ ವರ್ಷವಾಯಿತಂತೆ. ಆದರೆ ಕೇಳಿದ ತಕ್ಷಣ ಟ್ರಂಕಿನಿಂದ ದಿಂಬನ್ನು ತೆಗೆದರು. ಗಟ್ಟಿಯಾಗಿ ತುಂಬಿದ ಉರುಟು ದಿಂಬು. ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ತೂತು ಕೊರೆದ ದಪ್ಪ ಕಾಗದ. ತೂತು ತೂತಿಗೂ ಗುಂಡುಸೂಜಿ. ಕಿರುಬೆರಳಿನಷ್ಟುದ್ದದ ಮರದ ಕಡ್ಡಿಗಳಿಗೆ ದಾರ ಸುತ್ತಿ, ಜೋಡಿ ಜೋಡಿಯಾಗಿ ಇಳಿಬಿಟ್ಟಿರುತ್ತಾರೆ. ಎಡದ ಕಡ್ಡಿ ಬಲಕ್ಕೆ ಹಾರಬೇಕು, ಬಲದ್ದು ಎಡಕ್ಕೆ. ಒಮ್ಮೆ ಹೊರಳಬೇಕು, ಒಂದು ಸೂಜಿ ಚುಚ್ಚಬೇಕು. ಇರುವುದು ದಾಟಿಸುವುದು, ಹೊರಳಿಸುವುದು, ಇವೆರಡೇ ವರಸೆ. ಅಜ್ಜಿಯ ಕೈಯಲ್ಲಿ ಇಪ್ಪತ್ತು ಜೋಡಿ ಕಡ್ಡಿಗಳು ಕಟಕಟನೆ ಆಡುತ್ತಿದ್ದರೆ ನಮಗೆ ಯಾವುದು ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಅರ್ಧ ಗಂಟೆಗೆ ಹೆಬ್ಬೆರಳಿನ ಅಗಲದಷ್ಟು ಹೆಣಿಗೆ ಆಯಿತು. ಗುಳೇದಗುಡ್ಡದ ತವರಿನ ನಮ್ಮ ಅಕ್ಕನವರು ಕಸೂತಿಯಲ್ಲಿ ಪಳಗಿದವರು. ಗವಂತಿ, ಮುರಗಿ, ನೇಗಿ, ಮೆಂತೆ ಎಲ್ಲ ಬಲ್ಲರು. "ನಮ್ಮದಕ್ಕ ಅರಿವಿ ಬೇಕರೀ. ಇದರಾಗ ಅರಿವೀನೇ ಇಲ್ಲ, ಬರೇ ತೂತು, ತೂತಿನ ಸುತ್ತ ನೂಲು" ಎಂದು ಬೆರಗಾದರು.

ಮಾತು ಕುಪ್ಪಾಯಕ್ಕೆ ಬಂತು. ಅಜ್ಜಿಯ ಅಜ್ಜಿಗೆ ಅವರ ಅಜ್ಜಿ ಹೇಳಿದ್ದಂತೆ: ಸಂತೆಗೆ ಹೋಗುವಾಗ ಹೆಂಗಸರು ಒಬ್ಬೊಬ್ಬರೇ ಹೋಗುತ್ತಿರಲಿಲ್ಲ, ಹತ್ತು ಹದಿನೈದು ಮಂದಿ ಒಟ್ಟಾಗಿ ಹೋಗುತ್ತಿದ್ದರು. ಹರಿದರೆ ತೊಡಲೆಂದು ಬುಟ್ಟಿಯ ತಳದಲ್ಲಿ ಇನ್ನೊಂದು ಕುಪ್ಪಾಯ ಮಡಿಸಿಟ್ಟಿರುತ್ತಿದ್ದರಂತೆ. ಮನೆತನದ ಮಾತು, ಬರೆದಿಟ್ಟದ್ದಲ್ಲ. ಆದರೆ ಹರಿದದ್ದು ಮಾತ್ರ ಬರೆದಿಟ್ಟ ಸಂಗತಿಯೇ. ಅದನ್ನಿಷ್ಟು ವಿವರಿಸಬೇಕು.

ಆ ಕಾಲದ ತಿರುವಾಂಕೂರಿನಲ್ಲಿ ಯಾರು ಯಾರ ಮುಂದೆ ಏನು ಹೊದೆಯಬಹುದೆಂಬುದು ಜಾತಿಯ ಲೆಕ್ಕ, ಲಜ್ಜೆಯ ಲೆಕ್ಕವಲ್ಲ. ಎದೆ ತೆರೆದಿರುವುದು ಮೇಲಿನವರಿಗೆ ತೋರಿಸುವ ಗೌರವ. ನಾಯರ್ ಸ್ತ್ರೀಯರೂ ನಂಬೂದಿರಿಗಳ ಮುಂದೆ, ದೇವರ ಮುಂದೆ ಮೇಲುವಸ್ತ್ರವನ್ನು ಇಳಿಸುತ್ತಿದ್ದರು. ಕೆಳಗಿನವರಿಗೆ ಎಲ್ಲರೂ ಮೇಲಿನವರೇ ಆದ್ದರಿಂದ ಅವರಿಗೆ ಹೊದೆಯುವ ಸಂದರ್ಭವೇ ಬರುತ್ತಿರಲಿಲ್ಲ. ರಾಯರು ಇಲ್ಲಿ ಸ್ವಲ್ಪ ಯೋಚಿಸಿದರು. ಧರ್ಮಸ್ಥಳದಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗುವುದನ್ನು ನಾವೆಲ್ಲ ಬಲ್ಲೆವು. ಹಳ್ಳಿಗಳಲ್ಲಿ ಒಡೆಯರು ಎದುರಾದರೆ ಹೆಗಲ ಮೇಲಿನ ವಸ್ತ್ರವನ್ನು ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದುದನ್ನು ರಾಯರೇ ಚಿಕ್ಕಂದಿನಲ್ಲಿ ಕಂಡಿದ್ದರು. ಅದನ್ನೇ ಹೆಣ್ಣಿನ ಮೈಮೇಲೆ ಹೇರಿದರೆ ಏನಾಗುವುದೋ ಅದು ಇಲ್ಲಿ ಆಗಿತ್ತು. ಶಾನಾರರು ಕೊಡೆ ಹಿಡಿಯಬಾರದು, ಮೆಟ್ಟು ಮೆಟ್ಟಬಾರದು, ಚಿನ್ನ ಇಡಬಾರದು. ಅವರ ಹೆಂಗಸರು ನೀರಿನ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ಬರಬಾರದು. ಕೊಡ ಹೊರುವ ಭಂಗಿಗೂ ಕಟ್ಟಳೆ!

೧೮೧೨ರಿಂದ ೧೪ರ ನಡುವೆ, ದಿವಾನರೂ ರೆಸಿಡೆಂಟರೂ ಆಗಿದ್ದ ಕರ್ನಲ್ ಮನ್ರೋ, ಕ್ರೈಸ್ತರಾದ ಶಾನಾರ್ ಹೆಂಗಸರು ಸಿರಿಯನ್ ಕ್ರೈಸ್ತರಂತೆ, ಮಾಪಿಳ್ಳೆಯರಂತೆ ಕುಪ್ಪಾಯ ತೊಡಬಹುದೆಂದು ಅಪ್ಪಣೆ ಮಾಡಿದರು. ಪಾದ್ರಿಗಳ ಹೆಂಡಿರು ಗಿಡ್ಡ ತೋಳಿನ ಸಡಿಲ ರವಿಕೆಯೊಂದನ್ನು ಹೊಲಿಸಿ ಕೊಟ್ಟರು. ಇಷ್ಟಕ್ಕೆ ಮುಗಿದಿದ್ದರೆ ಇದು ದಯಾವಂತರಾದ ದೊರೆಸಾನಿಯರ ಕಥೆಯಾಗುತ್ತಿತ್ತು. ಮುಗಿಯಲಿಲ್ಲ. ಹೆಂಗಸರು ಕೊಟ್ಟ ಕುಪ್ಪಾಯವನ್ನು ತೊಟ್ಟರು, ಅದರ ಮೇಲೆ ನಾಯರ್ ಸ್ತ್ರೀಯರಂತೆ ಹೆಗಲ ಮೇಲಿಂದ ಮೇಲುವಸ್ತ್ರವನ್ನೂ ಹೊದ್ದರು. ಅದನ್ನು ಯಾವ ಪಾದ್ರಿಯೂ ಕಲಿಸಿರಲಿಲ್ಲ, ಯಾವ ಅಪ್ಪಣೆಯೂ ಕೊಟ್ಟಿರಲಿಲ್ಲ. ಮೈ ಮುಚ್ಚುವುದಷ್ಟೇ ಅವರಿಗೆ ಬೇಕಾಗಿದ್ದರೆ ಕುಪ್ಪಾಯ ಸಾಕಾಗಿತ್ತಲ್ಲ! ಆ ಮೊಳವೆರಡು ಬಟ್ಟೆಯಲ್ಲಿ ಅವರು ಹೇಳಿದ್ದು ಬೇರೆ: ನೀವು ಉಟ್ಟಂತೆ ನಾವೂ ಉಡುತ್ತೇವೆ. ಮೇಲಿನವರಿಗೆ ಅದು ಕೂಡಲೆ ಅರ್ಥವಾಯಿತು. ತಮಿಳಿನಲ್ಲಿ ಈ ಹೋರಾಟಕ್ಕೆ 'ತೋಳ್‌ಶೀಲೈ' ಹೋರಾಟವೆಂದೇ ಹೆಸರು. ತೋಳ್ ಎಂದರೆ ಅವರಲ್ಲಿ ಹೆಗಲು, ಶೀಲೈ ನಮ್ಮ ಸೀರೆಯ ಅಕ್ಕ. ಹೋರಾಟದ ಹೆಸರಿನಲ್ಲಿ ಉಳಿದಿರುವುದು ಎದೆಯಲ್ಲ, ಹೆಗಲ ವಸ್ತ್ರ.

ಮರುದಿನ ಪದ್ಮನಾಭಪುರದ ಅರಮನೆಗೆ ಹೋದೆವು. ೧೭೯೫ರವರೆಗೆ ತಿರುವಾಂಕೂರಿನ ರಾಜಧಾನಿ. ಜಿಲ್ಲೆ ತಮಿಳುನಾಡಿನದಾದರೂ ಅರಮನೆ ಕೇರಳ ಸರ್ಕಾರದ್ದು. ಮರದ ಕೆತ್ತನೆ, ಕನ್ನಡಿಯಂತೆ ಹೊಳೆಯುವ ಕರಿಯ ನೆಲ, ನಾಟ್ಯಶಾಲೆಯ ಕಲ್ಲುಕಂಬಗಳು, ರಾಣಿವಾಸದವರು ಮರೆಯಲ್ಲಿ ನಿಂತು ನೃತ್ಯ ನೋಡುತ್ತಿದ್ದ ಮರದ ಜಾಲರಿಗಳು. ಇದನ್ನೆಲ್ಲ ವರ್ಣಿಸಿದ ಲೇಖನಗಳು ಬೇಕಾದಷ್ಟಿವೆ. ಜಾಲರಿಯ ಎದುರು ನಿಂತು ಹುಡುಗಿ, "ಇವರು ಕಾಣಿಸಬಾರದು, ಅವರು ಮರೆಯಾಗಬಾರದು, ಅಲ್ವೆ?" ಎಂದಳು. ಯಾರೂ ಉತ್ತರ ಹೇಳಲಿಲ್ಲ. ಮಾರ್ಗದರ್ಶಿ ಮುಂದಿನ ಕೋಣೆಗೆ ಕರೆದ.

ಅರಮನೆಯಿಂದ ಇಳಿದರೆ ತಕ್ಕಲೆ; ಈ ಸೀಮೆಯ ಹಳೆಯ ಹೆಸರು ಕಲ್ಕುಳಂ; ಸ್ವಲ್ಪ ದೂರದಲ್ಲಿ ಇರಣಿಯಲ್. ೧೮೨೨ರ ಮೇ ತಿಂಗಳಲ್ಲಿ ಈ ಕಡೆ ಬಹಿರಂಗವಾಗಿ ಹೆಂಗಸರ ಮೇಲುಡುಗೆ ಹರಿದರು, ಹೊಡೆದರು. ವ್ಯಾಜ್ಯ ಕೋರ್ಟಿಗೂ ಹೋಯಿತು. ೧೮೨೭ರಿಂದ ೨೯ರವರೆಗೆ ಮತ್ತೆ ಗಲಭೆ. ೧೮೨೯ರ ಫೆಬ್ರವರಿಯಲ್ಲಿ ರಾಣಿ ಗೌರಿ ಪಾರ್ವತೀಬಾಯಿಯವರ ಸರ್ಕಾರ ಘೋಷಣೆ ಹೊರಡಿಸಿತು. ಕುಪ್ಪಾಯ ತೊಡಬಹುದು, ಮೇಲುವಸ್ತ್ರ ಹೊದೆಯಕೂಡದು. ಹೆಣ್ಣೊಬ್ಬಳು ಆಳುತ್ತಿದ್ದಾಗ ಬಂದ ಅಪ್ಪಣೆಯಿದು ಎಂದು ನಮ್ಮ ಅಕ್ಕನವರಿಗೆ ಬಹಳ ಬೇಸರವಾಯಿತು. ನಮಗೆ ಆಶ್ಚರ್ಯವೇನೂ ಆಗಲಿಲ್ಲ. ಸಿಂಹಾಸನದ ಮೇಲೆ ಯಾರು ಕೂತರೂ ಕೆಳಗಿನ ಹಾಸು ಒಂದೇ.

ಈಗ ಅಲ್ಲಿ ಸೊಗಸಾದ ಪೇಟೆ. ಬಾಳೆಹಣ್ಣಿನ ಅಂಗಡಿಗಳ ಸಾಲು, ಕೆಂಪು ಬಾಳೆ, ಮಟ್ಟಿ ಬಾಳೆ. ಬಟ್ಟೆಯಂಗಡಿಗಳ ಮುಂದೆ ಸಿದ್ಧ ರವಿಕೆಗಳು, ಚೂಡಿದಾರಗಳು ಗಾಳಿಗೆ ತೂಗುತ್ತಿದ್ದವು. ಇಲ್ಲಿ ಇಂಥದ್ದು ನಡೆಯಿತೆಂದು ಹೇಳುವ ಗುರುತು ನಮ್ಮ ಕಣ್ಣಿಗೆ ಬೀಳಲಿಲ್ಲ. ಹಣ್ಣಿನಂಗಡಿಯ ಹೆಂಗಸನ್ನು ಕೇಳಿದರೆ ಆಕೆಗೆ ಕಥೆ ಗೊತ್ತಿತ್ತು. ೨೦೨೩ರ ಮಾರ್ಚಿಯಲ್ಲಿ ನಾಗರಕೋವಿಲಿನಲ್ಲಿ ಹೋರಾಟದ ಇನ್ನೂರನೆಯ ವರ್ಷದ ಸಭೆ ನಡೆದು, ತಮಿಳುನಾಡು ಕೇರಳಗಳ ಇಬ್ಬರು ಮುಖ್ಯಮಂತ್ರಿಗಳೂ ಬಂದಿದ್ದರು, ಆಕೆಯೂ ಹೋಗಿದ್ದಳಂತೆ.

ಕಥೆಯ ಕೊನೆಯ ಭಾಗ ೧೮೫೮ರದು. ಆ ವರ್ಷದ ನವೆಂಬರ್ ೧ರಂದು ವಿಕ್ಟೋರಿಯಾ ರಾಣಿಯ ಘೋಷಣೆ ಹೊರಟಿತು. ಇನ್ನು ತಮ್ಮ ಉಡುಗೆಗೆ ಅಡ್ಡಿಯಿಲ್ಲವೆಂದು ಈ ಹೆಂಗಸರು ತಿಳಿದರು. ಈಗ ಕ್ರೈಸ್ತರಾಗದವರೂ ಹೊದೆಯತೊಡಗಿದ್ದರು. ಡಿಸೆಂಬರ್ ಜನವರಿಗಳಲ್ಲಿ ಮತ್ತೆ ಹೊಡೆತ, ಮನೆ ಸುಡುವುದು, ಲೂಟಿ. ನಾಗರಕೋವಿಲಿನದೇ ಭಾಗವಾದ ಕೋಟಾರಿನಲ್ಲಿಯೂ ನಡೆಯಿತು. ಮದರಾಸಿನ ಗವರ್ನರಾಗಿ ಬಂದ ಚಾರ್ಲ್ಸ್ ಟ್ರೆವೆಲಿಯನ್ ಖಂಡಿತವಾಗಿ ಬರೆದ ಮೇಲೆ, ೧೮೫೯ರ ಜುಲೈ ೨೬ರಂದು ಮಹಾರಾಜರ ಅಪ್ಪಣೆ ಬಂತು. ಆಗ ದಿವಾನರು ಟಿ. ಮಾಧವರಾಯರು. ಶಾನಾರ್ ಸ್ತ್ರೀಯರೆಲ್ಲ ಕುಪ್ಪಾಯ ತೊಡಬಹುದು. ಮೀನುಗಾರ ಹೆಂಗಸರಂತೆ ಒರಟು ಬಟ್ಟೆ ಸುತ್ತಿಕೊಳ್ಳಬಹುದು. ಇನ್ನು ಹೇಗೆ ಬೇಕಾದರೂ ಎದೆ ಮುಚ್ಚಿಕೊಳ್ಳಬಹುದು. ಆದರೆ ಮೇಲುಜಾತಿಯ ಸ್ತ್ರೀಯರಂತೆ ಮಾತ್ರ ಅಲ್ಲ. ಅಪ್ಪಣೆಯ ಕೊನೆಯ ಮಾತಿನಲ್ಲಿ ಜಗಳದ ಬೀಜವೆಲ್ಲ ಇದೆ. ಅಷ್ಟು ದಿನದ ವಿವಾದ ಬಟ್ಟೆಯದೇ ಅಲ್ಲವೆಂದು ಸರ್ಕಾರವೇ ಬರೆದುಕೊಟ್ಟ ಹಾಗಾಯಿತು. ಹೆಂಗಸರು ಮುಂದೆ ತಮಗೆ ಬೇಕಾದಂತೆಯೇ ಉಟ್ಟರು. ೧೯೨೧ರ ಜನಗಣತಿಯ ಹೊತ್ತಿಗೆ ಶಾನಾರ್ ಎಂಬ ಹೆಸರು ಹೋಗಿ ನಾಡಾರ್ ಎಂಬುದು ಸರ್ಕಾರದ ಪುಸ್ತಕಕ್ಕೂ ಬಂತು.

ಇಲ್ಲೊಂದು ಮಾತು. ಈ ವಿಷಯ ಎತ್ತಿದರೆ ಕೆಲವರು ಚೇರ್ತಲೆಯ ನಂಗೇಲಿಯ ಕಥೆ ಹೇಳುತ್ತಾರೆ. ಅದು ಇನ್ನೂ ಉತ್ತರದ, ಜನರ ಬಾಯಲ್ಲಿ ಉಳಿದು ಬಂದ ಕಥೆ. ಅದನ್ನೂ ಇದನ್ನೂ ಬೆರೆಸಬಾರದು. ಒಬ್ಬಳ ಬಲಿದಾನದ ಕಥೆ ಬೇಗ ಮನಸ್ಸಿಗೆ ನಾಟುತ್ತದೆ, ನಿಜ. ನಮಗೆ ಮಾತ್ರ ಹೆಚ್ಚು ಹಿಡಿಸಿದ್ದು, ಹರಿದರೆ ಇನ್ನೊಂದು ಇರಲಿ ಎಂದು ಬುಟ್ಟಿಯಲ್ಲಿ ಕುಪ್ಪಾಯ ಇಟ್ಟುಕೊಂಡು ಮತ್ತೆ ಸಂತೆಗೆ ಹೋದ ಹೆಸರಿಲ್ಲದ ಹೆಂಗಸರು.

ಆ ಸಂಜೆ ಅಕ್ಕನವರು ಮತ್ತೊಮ್ಮೆ ಲೇಸಿನ ಅಜ್ಜಿಯ ಮನೆಗೆ ಹೋಗೋಣವೆಂದು ಹಟ ಹಿಡಿದರು. ಎಲ್ಲಿಗೆ ಹೋದರೂ ಪೆಟ್ಟಿಗೆಯಲ್ಲಿ ನಾಲ್ಕು ಖಣ ಇಟ್ಟುಕೊಂಡೇ ಹೊರಡುವವರು ಅವರು. ಅಜ್ಜಿ ಕ್ರೈಸ್ತರು, ಗಂಡ ತೀರಿ ಹೋಗಿ ಎಷ್ಟೋ ವರ್ಷ. ಕುಂಕುಮ ಹಚ್ಚುವಂತಿಲ್ಲ, ಉಡಿ ತುಂಬುವಂತಿಲ್ಲ. "ವಿಧವೆಗೆ ಖಣ ಕೊಡುವುದು ನಮ್ಮಲ್ಲಿ ವಾಡಿಕೆಯಿಲ್ಲವಲ್ಲಮ್ಮ" ಎಂದು ರಾಯರು ಮೆಲ್ಲನೆ ಎಚ್ಚರಿಸಿದರು. "ಇಲ್ಲದಿದ್ದರ ಈಗ ಮಾಡೋಣ್ರೀ" ಎಂದು ಅಕ್ಕನವರು ಕೆಂಪು ಅಂಚಿನ ಖಣವನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟರು. ಅಜ್ಜಿ ಬಿಡಿಸಿ ನೋಡಿ, ಇದು ಏತಕ್ಕೆಂದು ತಮಿಳಿನಲ್ಲಿ ಕೇಳಿದರು. ಅಕ್ಕನವರಿಗೆ ತಮಿಳು ಅಷ್ಟಕ್ಕಷ್ಟೆ. "ಕುಪ್ಪಸ, ಕುಪ್ಪಸ" ಎಂದು ತಮ್ಮ ತೋಳು ತೋರಿಸಿದರು. ಅಜ್ಜಿಯ ಮುಖ ಅರಳಿತು. "ಕುಪ್ಪಾಯತ್ತುಕ್ಕಾ?" ಎಂದು ಖಣವನ್ನು ಎದೆಗೆ ಹಿಡಿದು ಅಳತೆ ನೋಡಿದರು. ಒಳಗಿನಿಂದ ಒಂದು ಮೊಳ ಲೇಸು ತಂದು ನಮ್ಮ ಹುಡುಗಿಯ ಕೈಯಲ್ಲಿ ಇಟ್ಟರು. ಯಾವುದಕ್ಕೆ ಹೊಲಿಯಲೆಂದು ಅವಳು ಕೇಳಿದ್ದಕ್ಕೆ, ನಿನ್ನ ಅಂಗಿ, ನಿನಗೆ ಬೇಕಾದ ಕಡೆ ಹೊಲಿದುಕೊ ಎಂದರು. ರಾಯರು ಆಚೆ ಕಡೆ ತಿರುಗಿ ಗೋಡೆಯ ಪಂಚಾಂಗ ನೋಡುತ್ತಿದ್ದರು.

ಮೂರನೆಯ ದಿನ ಕನ್ಯಾಕುಮಾರಿಯ ದಾರಿಯಲ್ಲಿ ಸಾಮಿತೋಪ್ಪಿಗೆ ಹೋದೆವು. ೧೮೦೯ರಲ್ಲಿ ಇಲ್ಲಿ ಹುಟ್ಟಿದ ಅಯ್ಯಾ ವೈಕುಂಠರ ಸ್ಥಳ. ಎಲ್ಲ ಜಾತಿಯವರೂ ಒಂದೇ ಬಾವಿಯ ನೀರು ಮುಟ್ಟಬೇಕೆಂದವರು. ಅದಕ್ಕಾಗಿ ತೋಡಿಸಿದ ಬಾವಿ ಇನ್ನೂ ಇದೆ. ತಿರುವಾಂಕೂರಿನ ಸರ್ಕಾರ ಅವರನ್ನು ಸೆರೆಯಲ್ಲಿಟ್ಟು ಬಿಟ್ಟಿತು, ೧೮೫೧ರಲ್ಲಿ ತೀರಿಕೊಂಡರು. ಗಂಡಸರು ತಲೆಗೆ ಬಟ್ಟೆ ಸುತ್ತುವುದೂ ಅಪರಾಧವಾಗಿದ್ದ ಕಾಲದಲ್ಲಿ ಅವರು ತಮ್ಮವರಿಗೆ, ದೇವರ ಮುಂದೆ ರುಮಾಲು ಸುತ್ತಿಕೊಂಡೇ ಬನ್ನಿರೆಂದು ಕಲಿಸಿದರು. ಆ ಪದ್ಧತಿ ಇಂದಿಗೂ ನಡೆದಿದೆ. ಅಂಗಿ ತೆಗೆಯಬೇಕು, ತಲೆಗೆ ಮಾತ್ರ ಬಟ್ಟೆ ಬೇಕು. ಗರ್ಭಗುಡಿಯಲ್ಲಿ ವಿಗ್ರಹವಿಲ್ಲ, ಕನ್ನಡಿಯಿದೆ.

ರಾಯರ ಹತ್ತಿರ ಒಂದು ಪಂಚೆಯಂಚಿನ ವಲ್ಲಿಯಿತ್ತು. ಅವರ ತಂದೆ ಊರಿನಲ್ಲಿ ಮೈಸೂರು ರುಮಾಲು ಕಟ್ಟುತ್ತಿದ್ದವರಂತೆ. ಮಗನಿಗೆ ಅಭ್ಯಾಸ ತಪ್ಪಿ ಹೋಗಿತ್ತು. ಎರಡು ಸಲ ಸುತ್ತಿದರು, ಎರಡು ಸಲವೂ ಬಿಚ್ಚಿಕೊಂಡಿತು. ಹುಡುಗಿ ಹಿಂದೆ ನಿಂತು ಗಟ್ಟಿಯಾಗಿ ಸಿಕ್ಕಿಸಿ ಕೊಟ್ಟಳು. ಒಳಗೆ ಹೋಗಿ ಕನ್ನಡಿಯ ಮುಂದೆ ಕೊಂಚ ಹೆಚ್ಚು ಹೊತ್ತೇ ನಿಂತರು. ಹೊರಗೆ ಬಂದ ಮೇಲೆ ಅವಳ ಅಂಗಿಯ ಸುದ್ದಿ ಎತ್ತಲಿಲ್ಲ. ಚೆನ್ನೈ ತಲಪಿದ ಮೇಲೆ ಎತ್ತಿದರೆಂದು ಅವಳ ತಾಯಿ ಹೇಳಿದರು. ಅದು ಬೇರೆ ಮಾತು.

ಕನ್ಯಾಕುಮಾರಿಯಲ್ಲಿ ಮೋಡವಿತ್ತು, ಸೂರ್ಯಾಸ್ತ ಕಾಣಲಿಲ್ಲ. ಮಕ್ಕಳಿಗೆ ಬಣ್ಣದ ಮರಳು ಕೊಡಿಸಿದೆವು.

ಹೋಗಬಯಸುವವರಿಗೆ ಒಂದೆರಡು ಸೂಚನೆ. ಪದ್ಮನಾಭಪುರದ ಅರಮನೆಗೆ ಸೋಮವಾರ ರಜೆ. ಸಾಮಿತೋಪ್ಪಿಗೆ ಹೋಗುವ ಗಂಡಸರು ತಲೆಗೆ ಸುತ್ತುವಷ್ಟು ಉದ್ದದ ವಸ್ತ್ರ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಮಟ್ಟಿ ಬಾಳೆಹಣ್ಣು ಎರಡು ದಿನಕ್ಕಿಂತ ಹೆಚ್ಚು ತಡೆಯುವುದಿಲ್ಲ, ಅಲ್ಲಿಯೇ ತಿನ್ನಬೇಕು.